ಹಬ್ಬದ ತಿಂಗಳುಗಳು, ನೆರೆಹೊರೆ, ಮನೆಯ ಹಕ್ಕು: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶನ ಹಬ್ಬ ಬಂತೆಂದರೆ ಅಮೆರಿಕದ ಕನ್ನಡ ಕೂಟಗಳಲ್ಲಿ ಈ ಪ್ರಶ್ನೆಗಳು ಶುರುವಾಗುತ್ತವೆ. ಹೊಸ ವರ್ಷ ಕಳೆಯುವವರೆಗೂ ನಿಲ್ಲುವುದಿಲ್ಲ. ಊಟದ ಸಾಲಿನಲ್ಲಿ ನಿಂತು ಕೇಳುವವರಿದ್ದಾರೆ, ಉದ್ದನೆಯ ಪತ್ರ ಬರೆಯುವವರಿದ್ದಾರೆ, ಎಚ್‌ಓಎ (ಬಡಾವಣೆಯ ಮನೆ ಮಾಲೀಕರ ಸಂಘ) ಕಳಿಸಿದ ನೋಟಿಸಿನ ಫೋಟೊ ತೆಗೆದು "ಇದಕ್ಕೆ ಏನೆಂದು ಉತ್ತರ ಬರೆಯಲಿ?" ಎನ್ನುವವರೂ ಇದ್ದಾರೆ. ಅವರವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರಿಸಿದ್ದೇನೆ. ಕೇಂದ್ರದ ಕಾನೂನು ದೇಶಕ್ಕೆಲ್ಲ ಒಂದೇ. ಅದರ ಮೇಲೆ ರಾಜ್ಯ, ಕೌಂಟಿ, ನಗರಗಳ ಕಾನೂನುಗಳು ಬೇರೆ ಬೇರೆ. ನಿಮ್ಮ ಊರಿನದನ್ನು ನೋಡಿಕೊಳ್ಳಿ. ವಿಷಯ ಕೋರ್ಟಿನ ತನಕ ಹೋಗುವಂತಿದ್ದರೆ ವಕೀಲರನ್ನು ಕಾಣಿ.

## ಮೊದಲು ತಿಳಿಯಬೇಕಾದದ್ದು

ಫೇರ್ ಹೌಸಿಂಗ್ ಕಾಯ್ದೆ ಎಂದರೆ ಏನು? ಹಬ್ಬಕ್ಕೂ ಅದಕ್ಕೂ ಎಲ್ಲಿಯ ಸಂಬಂಧ?

ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ, ಸಾಲ ಕೊಡುವಾಗ, ಅಲ್ಲಿ ವಾಸಿಸುವವರಿಗೆ ಸೌಲಭ್ಯ ಒದಗಿಸುವಾಗ ತಾರತಮ್ಯ ಮಾಡಬಾರದು ಎನ್ನುವ ಕೇಂದ್ರದ ಕಾಯ್ದೆ ಇದು. ಮಾರ್ಟಿನ್ ಲೂಥರ್ ಕಿಂಗ್ ಅವರು 1966ರಲ್ಲಿ ಶಿಕಾಗೊದಲ್ಲಿ ಇದೇ ಬೇಡಿಕೆಗಾಗಿ ಮೆರವಣಿಗೆ ನಡೆಸಿದ್ದರು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಒಂದು ವಾರದ ಬಳಿಕ, ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಯ್ದೆಗೆ ಸಹಿ ಹಾಕಿದರು. ಇಂದು ನಾವು ಹೆಸರು, ಬಣ್ಣ, ಉಚ್ಚಾರಣೆ ಯಾವುದನ್ನೂ ಮುಚ್ಚಿಡದೆ ಮನೆ ಕೇಳಬಹುದಾಗಿದ್ದರೆ ಅದು ಕಪ್ಪು ಜನರ ಹೋರಾಟದ ಫಲ. ಇದನ್ನು ನಮ್ಮ ಮಕ್ಕಳಿಗೂ ಹೇಳಬೇಕು.

ಜನಾಂಗ, ಬಣ್ಣ, ಧರ್ಮ, ಮೂಲದೇಶ ಇವು ಮೊದಲಿನಿಂದಲೂ ಕಾಯ್ದೆಯಲ್ಲಿದ್ದವು. 1974ರಲ್ಲಿ ಲಿಂಗ ಸೇರಿತು. 1988ರಲ್ಲಿ ಅಂಗವೈಕಲ್ಯ ಮತ್ತು ಮನೆಯಲ್ಲಿ 18 ವರ್ಷದೊಳಗಿನ ಮಕ್ಕಳಿರುವುದು ಸೇರಿದವು. ಹಬ್ಬ ಬಂದಾಗ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಬಾಗಿಲಿಗೆ ತೋರಣ ಕಟ್ಟುತ್ತೇವೆ, ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಮಕ್ಕಳು ಕುಣಿಯುತ್ತಾರೆ, ಅಡುಗೆಯ ವಾಸನೆ ಹಜಾರಕ್ಕೆ ಹೋಗುತ್ತದೆ. ವರ್ಷವಿಡೀ ಸುಮ್ಮನಿದ್ದ ನಿಯಮಗಳು ಆಗಲೇ ನೆನಪಿಗೆ ಬರುವುದು.

ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ, ಇಲ್ಲಿಯ ಪ್ರಜೆಯಲ್ಲ. ದೂರು ಕೊಡುವ ಹಕ್ಕು ನನಗಿದೆಯೇ?

ಇದೆ. ಕಾಯ್ದೆ ರಕ್ಷಿಸುವುದು ದೇಶದಲ್ಲಿರುವ ವ್ಯಕ್ತಿಯನ್ನು. ಪೌರತ್ವ ಅದಕ್ಕೆ ಷರತ್ತಲ್ಲ. ಮನೆ ಮಾಲೀಕರು ಆದಾಯದ ದಾಖಲೆ, ಗುರುತಿನ ಚೀಟಿ ಕೇಳಬಹುದು. ಆದರೆ ಬೇರೆಯವರಿಂದ ಕೇಳದ ಕಾಗದವನ್ನು ಭಾರತೀಯ ಹೆಸರು ಕಂಡ ಕೂಡಲೇ ಕೇಳಿದರೆ ಅದು ಮೂಲದೇಶದ ತಾರತಮ್ಯವಾಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಕ್ರಿಸ್‌ಮಸ್ ಮರ ಇಟ್ಟಿದ್ದಾರೆ. ದೀಪಾವಳಿಗೆ ಏನೂ ಮಾಡಲಿಲ್ಲ. ಇದು ತಾರತಮ್ಯ ಅಲ್ಲವೇ?

ಮರ ಒಂದನ್ನೇ ಹಿಡಿದು ದೂರು ಕೊಟ್ಟರೆ ನಿಲ್ಲುವುದು ಕಷ್ಟ. ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ, ಅಂದರೆ ಎಲ್ಲರೂ ಹಡ್ ಎಂದು ಕರೆಯುವ ಇಲಾಖೆ, 1995ರಲ್ಲಿ ಮನೆ ಜಾಹೀರಾತುಗಳ ಬಗ್ಗೆ ಒಂದು ಸೂಚನೆ ಹೊರಡಿಸಿತು. ಸಾಂಟಾ ಕ್ಲಾಸ್ ಚಿತ್ರ, "ಮೆರ್ರಿ ಕ್ರಿಸ್‌ಮಸ್" ಎಂಬ ಶುಭಾಶಯ ಇಂಥವು ಕಾಯ್ದೆಯ ಉಲ್ಲಂಘನೆಯಲ್ಲ ಎಂದು ಅದು ಹೇಳುತ್ತದೆ. "ಕ್ರಿಶ್ಚಿಯನ್ ಕುಟುಂಬಕ್ಕೆ ತಕ್ಕ ಮನೆ" ಎಂದು ಬರೆದರೆ ಮಾತ್ರ ಅದು ಬೇರೆಯೇ ವಿಷಯ.

ಮರವನ್ನು ತೆಗೆಸುವುದರಿಂದ ನಮಗೆ ಬರುವುದೇನೂ ಇಲ್ಲ. ಸೆಪ್ಟೆಂಬರಿನಲ್ಲೇ ಮ್ಯಾನೇಜರಿಗೆ ನಾಲ್ಕು ಸಾಲು ಬರೆದು, ದೀಪಾವಳಿಯ ವಾರದಲ್ಲಿ ಲಾಬಿಯ ಒಂದು ಮೂಲೆಯಲ್ಲಿ ಬ್ಯಾಟರಿ ಹಣತೆಗಳನ್ನು ಇಡಲು ಅನುಮತಿ ಕೇಳಿ. ಬೇರೆ ಧರ್ಮಗಳ ಸಂಕೇತಗಳಿಗೆ ಜಾಗ ಕೊಟ್ಟು ನಿಮ್ಮದಕ್ಕೆ ಮಾತ್ರ ಇಲ್ಲವೆಂದರೆ ಆಗ ನಿಮ್ಮ ಕೈಯಲ್ಲಿ ಗಟ್ಟಿಯಾದ ಪ್ರಶ್ನೆ ಇರುತ್ತದೆ.

## ಬಾಗಿಲು, ದೀಪ, ಹಜಾರ

ಬಾಗಿಲಿಗೆ ಕಟ್ಟಿದ ಮಾವಿನ ತೋರಣವನ್ನು ತೆಗೆಯಲು ಹೇಳಿದ್ದಾರೆ. ಪಕ್ಕದ ಮನೆಯ ಬಾಗಿಲಲ್ಲಿ ಹಸಿರು ಹಾರ ತೂಗುತ್ತಿದೆ. ನಾನು ತೆಗೆಯಲೇಬೇಕೇ?

ಆ ಹಾರವನ್ನೂ ತೆಗೆಸಿದ್ದಾರೆಯೇ ಎಂದು ಮೊದಲು ನೋಡಿ. ಎಲ್ಲ ಬಾಗಿಲುಗಳಿಗೂ ಒಂದೇ ನಿಯಮವಿದ್ದು, ಎಲ್ಲರ ಮೇಲೂ ಅದನ್ನು ಒಂದೇ ರೀತಿ ಜಾರಿ ಮಾಡಿದರೆ ಕೇಂದ್ರದ ಕಾನೂನಿನಡಿ ವಾದ ತೆಳುವಾಗುತ್ತದೆ. ನಿಮ್ಮ ಬಾಗಿಲಿಗೆ ಮಾತ್ರ ನೋಟಿಸು ಬಂದಿದ್ದರೆ ಎರಡೂ ಬಾಗಿಲುಗಳ ಫೋಟೊ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ.

ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದವರು ಯಹೂದಿಗಳು. ಅವರ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮೆಜೂಜಾ ಎಂಬ ಪುಟ್ಟ ಕರಂಡಕ ಇರಬೇಕು. ಒಳಗೆ ಧರ್ಮಗ್ರಂಥದ ಸಾಲುಗಳು. ಶಿಕಾಗೊದ ಒಂದು ಕಾಂಡೊ (ಪ್ರತಿ ಮನೆಗೂ ಬೇರೆ ಮಾಲೀಕರಿರುವ) ಕಟ್ಟಡದಲ್ಲಿ ಬಾಗಿಲಾಚೆ ಯಾವ ವಸ್ತುವೂ ಇರಕೂಡದೆಂಬ ನಿಯಮವಿತ್ತು. 2004ರಲ್ಲಿ ಹಜಾರಕ್ಕೆ ಬಣ್ಣ ಹೊಡೆಸಿದ ಮೇಲೆ ಅದೇ ನಿಯಮವನ್ನು ಮೆಜೂಜಾಕ್ಕೂ ಹಚ್ಚಿ ಒಂದು ಕುಟುಂಬದ ಮೆಜೂಜಾವನ್ನು ಮತ್ತೆ ಮತ್ತೆ ಕಿತ್ತರು. ಮನೆಯ ಯಜಮಾನರು ತೀರಿಕೊಂಡು ಸೂತಕವಿದ್ದ ದಿನಗಳಲ್ಲೂ ಬಿಡಲಿಲ್ಲ. 2008ರಲ್ಲಿ ಏಳನೇ ಸರ್ಕ್ಯೂಟ್ (ಕೆಲವು ರಾಜ್ಯಗಳಿಗೆ ಸಂಬಂಧಿಸಿದ ಕೇಂದ್ರದ) ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠದ ಮುಂದೆ ಆ ಕುಟುಂಬ ಸೋತಿತು. 2009ರಲ್ಲಿ ಅದೇ ನ್ಯಾಯಾಲಯದ ಪೂರ್ಣ ಪೀಠ ಆ ತೀರ್ಪನ್ನು ತಿರುಗಿಸಿತು. ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಎಂದು ಕಂಡರೂ ಅದನ್ನು ಒಂದು ಧರ್ಮದವರನ್ನು ಗುರಿಯಾಗಿಸಿ ಬಳಸಿದರೇ ಎಂಬುದನ್ನು ಜ್ಯೂರಿ ನೋಡಬೇಕು, ಮನೆ ಕೊಂಡ ಮೇಲೆ ನಡೆಯುವ ತಾರತಮ್ಯವೂ ಕಾಯ್ದೆಯ ವ್ಯಾಪ್ತಿಗೆ ಬರಬಲ್ಲದು ಎಂದಿತು.

ಇಂಥ ಪ್ರಕರಣಗಳ ನಂತರ ಹಲವು ರಾಜ್ಯಗಳು ಬಾಗಿಲ ಮೇಲಿನ ಧಾರ್ಮಿಕ ವಸ್ತುಗಳಿಗೆ ರಕ್ಷಣೆ ಕೊಟ್ಟವು. ಫ್ಲಾರಿಡಾದ ಕಾಂಡೊ ಕಾನೂನು ಅನುಮತಿಸುವುದು 3 ಇಂಚು ಅಗಲ, 6 ಇಂಚು ಎತ್ತರ, ಒಂದೂವರೆ ಇಂಚು ದಪ್ಪದ ವಸ್ತುವನ್ನು. ಮೆಜೂಜಾಕ್ಕೆ ಸಾಕು, ತೋರಣಕ್ಕೆ ಸಾಲದು. 2020ರ ಜನವರಿಯಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾನೂನು 36 ಇಂಚಿಗೆ 12 ಇಂಚಿನ ಅಳತೆ ಕೊಟ್ಟಿದೆ. ಒಂದು ಬಾಗಿಲಿನ ತೋರಣ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಟೆಕ್ಸಾಸ್ 2011ರಲ್ಲಿ ಕಾನೂನು ಮಾಡಿ 2021ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿತು. ಪತ್ರ ಬರೆಯುವಾಗ ತೋರಣವನ್ನು "ಅಲಂಕಾರ" ಎನ್ನಬೇಡಿ. ಈ ಕಾನೂನುಗಳು ಕಾಪಾಡುವುದು ಶ್ರದ್ಧೆಯಿಂದ ಕಟ್ಟಿದ ಧಾರ್ಮಿಕ ವಸ್ತುವನ್ನು. ಅದು ಹಾಗೆಯೇ ಆಗಿದ್ದರೆ ಹಾಗೆಂದೇ ಬರೆಯಿರಿ.

ಎಚ್‌ಓಎ ನಿಯಮದ ಪ್ರಕಾರ ಹಬ್ಬದ ದೀಪಗಳನ್ನು ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆಯೇ ಹಾಕಬೇಕಂತೆ. ಅಷ್ಟರಲ್ಲಿ ದೀಪಾವಳಿ ಮುಗಿದಿರುತ್ತದೆ. ದಂಡ ಕಟ್ಟಬೇಕೇ?

ಈ ನಿಯಮಗಳಲ್ಲಿ ಹೆಚ್ಚಿನವನ್ನು ಯಾರೋ ದ್ವೇಷದಿಂದ ಬರೆದಿಲ್ಲ. ಬರೆದವರ ಕಣ್ಣಮುಂದೆ ಒಂದೇ ಹಬ್ಬವಿತ್ತು, ಅಷ್ಟೆ. ದೀಪಾವಳಿ ಚಾಂದ್ರಮಾನದ ಲೆಕ್ಕದಲ್ಲಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಓಡಾಡುತ್ತದೆಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಮೊದಲ ಪತ್ರದಲ್ಲೇ ಕಾಯ್ದೆಯ ಹೆಸರೆತ್ತಿ ಹೆದರಿಸಬೇಡಿ. ಸಭೆಗೆ ಹೋಗಿ. ತಿದ್ದುಪಡಿಯ ಸಾಲನ್ನು ನೀವೇ ಬರೆದುಕೊಂಡು ಹೋಗಿ: "ಯಾವುದೇ ಧಾರ್ಮಿಕ ಅಥವಾ ಸಾಂಸ್ಕೃತಿಕ ಹಬ್ಬದ ದೀಪಗಳನ್ನು ಹಬ್ಬಕ್ಕೆ ಇಷ್ಟು ದಿನ ಮೊದಲು ಹಾಕಿ, ಇಷ್ಟು ದಿನದೊಳಗೆ ತೆಗೆಯತಕ್ಕದ್ದು." ದಿನಗಳ ಸಂಖ್ಯೆ ಕ್ರಿಸ್‌ಮಸ್ಸಿಗೆ ಈಗ ಇರುವಷ್ಟೇ ಇರಲಿ. ಹನುಕ್ಕಾ, ಈದ್, ಚೀನೀ ಹೊಸ ವರ್ಷ ಆಚರಿಸುವ ನೆರೆಯವರನ್ನೂ ಜೊತೆಗೆ ಕರೆದುಕೊಳ್ಳಿ. ಅವರಿಗೂ ಇದೇ ತೊಂದರೆ ಇದೆ.

ಪೆನ್ಸಿಲ್ವೇನಿಯಾ 2024ರಲ್ಲಿ, ಕ್ಯಾಲಿಫೋರ್ನಿಯಾ 2025ರಲ್ಲಿ ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸುವ ಕಾನೂನು ಮಾಡಿದವು. ಅದರಿಂದ ಎಚ್‌ಓಎ ನಿಯಮ ತಾನಾಗಿಯೇ ಬದಲಾಗುವುದಿಲ್ಲ. ಆದರೆ "ಇದು ಹಬ್ಬವೇ ಅಲ್ಲ" ಎನ್ನುವವರ ಬಾಯಿ ಕಟ್ಟುತ್ತದೆ. ಇಷ್ಟೆಲ್ಲ ವಿನಯದಿಂದ ಕೇಳಿದ ಮೇಲೂ ಡಿಸೆಂಬರಿನ ದೀಪಕ್ಕೆ ಅನುಮತಿ, ಅಕ್ಟೋಬರಿನ ದೀಪಕ್ಕೆ ದಂಡ ಎಂದರೆ, ಆ ನಿರಾಕರಣೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಅದೇ ಮುಂದೆ ನಿಮ್ಮ ಸಾಕ್ಷಿ.

ಬಾಲ್ಕನಿಯಲ್ಲಿ ಎಣ್ಣೆಯ ಹಣತೆ ಹಚ್ಚಬಹುದೇ? ಪಟಾಕಿ?

ಅಮೆರಿಕದ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಮರದ ಚೌಕಟ್ಟಿನ ಕಟ್ಟಡಗಳು. ಲೀಸಿನಲ್ಲಿ ತೆರೆದ ಜ್ವಾಲೆಗೆ ನಿಷೇಧವಿದ್ದರೆ ಅದು ಎಲ್ಲರಿಗೂ ಇರುವ ಬೆಂಕಿಯ ನಿಯಮ. ಅದರಲ್ಲಿ ಧರ್ಮದ ಮಾತನ್ನು ಹುಡುಕಬೇಡಿ. ಬಾಲ್ಕನಿಗೆ ವಿದ್ಯುತ್ ದೀಪಗಳನ್ನು ಇಡಿ. ಲೀಸ್ ಒಪ್ಪಿದರೆ ದೇವರ ಮುಂದೆ ಒಂದು ಹಣತೆ ಹಚ್ಚಿ, ಅದು ಉರಿಯುವಷ್ಟು ಹೊತ್ತು ಅಲ್ಲೇ ಇರಿ. ಪಟಾಕಿ ಪೂರ್ತಿಯಾಗಿ ರಾಜ್ಯ ಮತ್ತು ಊರಿನ ಕಾನೂನಿಗೆ ಬಿಟ್ಟದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಸಾಮಾನ್ಯ ಜನರಿಗೆ ಸುರುಸುರು ಬತ್ತಿಯೂ ನಿಷಿದ್ಧ.

ಹಜಾರದಲ್ಲಿ ರಂಗೋಲಿ ಹಾಕಿದರೆ ತಪ್ಪೇ?

ಹಜಾರ ಎಲ್ಲರಿಗೂ ಸೇರಿದ ಜಾಗ. ಪುಡಿಯ ಮೇಲೆ ಯಾರಾದರೂ ಜಾರಿ ಬಿದ್ದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಅಂಟಿಸುವ ರಂಗೋಲಿಯನ್ನು ಹೊಸ್ತಿಲ ಒಳಗೆ ಹಾಕಿ. ಸ್ವಂತ ಮನೆಯಿದ್ದರೆ ಅಂಗಳದ ತುಂಬ ಹಾಕಿ.

## ಅತಿಥಿಗಳು, ಅಡುಗೆ, ಪೂಜೆ

ದಸರೆಗೆ ಬಂದ ಅಪ್ಪ ಅಮ್ಮ ಆರು ತಿಂಗಳು ಇರುತ್ತಾರೆ. ಲೀಸಿನಲ್ಲಿ ಅತಿಥಿಗಳಿಗೆ ಹದಿನಾಲ್ಕು ದಿನದ ಮಿತಿ ಇದೆ. ಮ್ಯಾನೇಜರ್ ಹೊರಹಾಕಬಹುದೇ?

ಅತಿಥಿಗಳ ಮಿತಿ ಕಾನೂನುಬಾಹಿರವಲ್ಲ, ಎಲ್ಲರಿಗೂ ಒಂದೇ ಇದ್ದರೆ. ಮಕ್ಕಳಿರುವ ಕುಟುಂಬಕ್ಕೆ ಕೊಟ್ಟ ರಕ್ಷಣೆ 18ರೊಳಗಿನ ಮಕ್ಕಳಿಗೆ ಸಂಬಂಧಿಸಿದ್ದು. ವಯಸ್ಸಾದ ತಂದೆ ತಾಯಿ ಅದರಲ್ಲಿ ಬರುವುದಿಲ್ಲ. ಇದು ಬಹಳ ಜನರಿಗೆ ಬೇಸರ ತರುತ್ತದೆ, ಆದರೆ ತಿಳಿದಿರಬೇಕು. ಅವರನ್ನು ಬಚ್ಚಿಡಬೇಡಿ, ಟಿಕೆಟ್ ತೆಗೆಸುವ ಮೊದಲೇ ಮ್ಯಾನೇಜರಿಗೆ ಬರೆದು, ಅಷ್ಟು ತಿಂಗಳಿಗೆ ಅವರ ಹೆಸರನ್ನು ವಾಸಿಗಳ ಪಟ್ಟಿಯಲ್ಲಿ ಸೇರಿಸಲು ಕೇಳಿ. ಎಷ್ಟು ಜನ ಇರಬಹುದು ಎಂಬುದಕ್ಕೆ ಹಡ್‌ನ 1991ರ ಸೂಚನೆ ಒಂದು ಅಳತೆ ಕೊಡುತ್ತದೆ: ಮಲಗುವ ಕೋಣೆಗೆ ಇಬ್ಬರು ಎಂಬ ನಿಯಮ ಸಾಮಾನ್ಯವಾಗಿ ಸಮಂಜಸ, ಕೋಣೆಯ ವಿಸ್ತಾರ, ಮಕ್ಕಳ ವಯಸ್ಸು ನೋಡಿ ಅದು ಹೆಚ್ಚು ಕಡಿಮೆಯಾಗಬಹುದು. ಎರಡು ಕೋಣೆಯ ಮನೆಯಲ್ಲಿ ದಂಪತಿ ಮತ್ತು ಅಪ್ಪ ಅಮ್ಮ ಈ ಅಳತೆಯೊಳಗೇ ಇದ್ದಾರೆ.

ಬೇರೆಯವರ ಅತ್ತೆ ಮಾವ ತಿಂಗಳುಗಟ್ಟಲೆ ಇದ್ದಾಗ ಸುಮ್ಮನಿದ್ದು, "ಭಾರತೀಯರು ಮನೆ ತುಂಬ ಜನ ತುಂಬಿಸುತ್ತಾರೆ" ಎಂದು ನಿಮಗೆ ಮಾತ್ರ ನೋಟಿಸು ಕೊಟ್ಟರೆ ಆ ಮಾತೇ ತಾರತಮ್ಯಕ್ಕೆ ಪುರಾವೆ.

ಒಗ್ಗರಣೆಯ ವಾಸನೆ ಎಂದು ಮೇಲಿನ ಮನೆಯವರು ದೂರು ಕೊಡುತ್ತಲೇ ಇದ್ದಾರೆ. ಲೀಸ್ ನವೀಕರಿಸುವುದಿಲ್ಲ ಎನ್ನುತ್ತಿದ್ದಾರೆ.

ವಾಸನೆಯ ದೂರಿನ ಹಿಂದೆ ಮೂಲದೇಶದ ಬಗೆಗಿನ ಅಸಹನೆ ಅಡಗಿರುವುದುಂಟು. ಅಡುಗೆ ಮಾಡಿದ ಕಾರಣಕ್ಕೆ ಭಾರತೀಯರನ್ನೋ ಕೊರಿಯನ್ನರನ್ನೋ ಮನೆಯಿಂದ ಕಳಿಸುವ ಮಾಲೀಕರು ಅಪಾಯಕ್ಕೆ ಕೈ ಹಾಕುತ್ತಿದ್ದಾರೆ. ಅಡುಗೆಮನೆಯ ಹೊಗೆ ಹೊರಹೋಗುವ ಫ್ಯಾನ್ ಕೆಲಸ ಮಾಡುತ್ತಿದೆಯೇ, ಫಿಲ್ಟರ್ ಬದಲಿಸಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಕಟ್ಟಡದ ಗಾಳಿಯ ವ್ಯವಸ್ಥೆ ಮಾಲೀಕರ ಜವಾಬ್ದಾರಿ.

ಇನ್ನೊಂದು ಮಗ್ಗುಲೂ ಇದೆ. ಪಕ್ಕದಲ್ಲಿ ಆಸ್ತಮಾ ಇರುವವರು ಸಾಂಬ್ರಾಣಿ ಹೊಗೆಯಿಂದ ಉಸಿರು ಕಟ್ಟುತ್ತಿದೆ ಎಂದರೆ ಅವರದೂ ಇದೇ ಕಾಯ್ದೆಯ ಹಕ್ಕು. ಅಂಗವೈಕಲ್ಯವಿರುವವರಿಗೆ ನಿಯಮಗಳಲ್ಲಿ ಸಮಂಜಸವಾದ ಹೊಂದಾಣಿಕೆ ಮಾಡಲು ಮಾಲೀಕರು ಬದ್ಧರು. ಅಂಥ ನೆರೆಯವರು ಬಾಗಿಲು ತಟ್ಟಿದರೆ ಅಂದಿನಿಂದಲೇ ಸಾಂಬ್ರಾಣಿ ನಿಲ್ಲಿಸಿ. ದೇವರಿಗೆ ಹೂವು ಸಾಕು.

ಕ್ಲಬ್‌ಹೌಸಿನಲ್ಲಿ ಗಣೇಶನ ಪೂಜೆ ಮಾಡಲು ಬಿಡುತ್ತಿಲ್ಲ. ಹುಟ್ಟುಹಬ್ಬಕ್ಕೆ ಕೊಡುತ್ತಾರೆ.

ಇದರಲ್ಲಿ ನ್ಯಾಯಾಲಯಗಳು ಕೊಟ್ಟ ಉತ್ತರ ನಮಗೆಲ್ಲ ಹಿಡಿಸುವಂಥದ್ದಲ್ಲ. ಫ್ಲಾರಿಡಾದ ಒಂದು ಫೆಡರಲ್ ನ್ಯಾಯಾಲಯ 2005ರಲ್ಲಿ, ಎಲ್ಲ ಧರ್ಮಗಳ ಆರಾಧನೆಗೂ ಸಮಾನವಾಗಿ ನಿಷೇಧ ಹಾಕಿದ ಸಂಘದ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ನೀವು ಹುಡುಕಬೇಕಾದದ್ದು ಅಸಮಾನತೆಯನ್ನು. ಅಲ್ಲಿ ಬೈಬಲ್ ಅಧ್ಯಯನ ನಡೆಯುತ್ತಿದೆಯೇ? ಈಸ್ಟರ್ ಪ್ರಾರ್ಥನೆ? ನಡೆಯುತ್ತಿದ್ದರೆ ಅದೇ ಬಾಡಿಗೆ, ಅದೇ ಠೇವಣಿ, ಅದೇ ಸಮಯದ ಮಿತಿಯಲ್ಲಿ ನಿಮಗೂ ಕೊಡಬೇಕು. ಜಾಗ ಸಿಕ್ಕಿದ ಮೇಲೆ ಅತಿಥಿಗಳ ಕಾರು ಎಲ್ಲಿ ನಿಲ್ಲುತ್ತವೆ, ಹಾಡು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಮೊದಲೇ ಬರೆದುಕೊಡಿ. ಮೂರ್ತಿಯನ್ನು ಬಡಾವಣೆಯ ಕೊಳದಲ್ಲಿ ಬಿಡಬೇಡಿ. ಮಣ್ಣಿನ ಗಣಪನನ್ನು ಮನೆಯ ಟಬ್ಬಿನಲ್ಲಿ ಕರಗಿಸಿ.

## ಮನೆ ಹುಡುಕುವವರು, ಮನೆ ಕೊಡುವವರು

"ಆ ಬಡಾವಣೆಯಲ್ಲಿ ನಮ್ಮವರು ಇದ್ದಾರೆಯೇ?" ಎಂದರೆ ಏಜೆಂಟ್ ಬಾಯಿ ಬಿಡುವುದಿಲ್ಲ. ಹಬ್ಬಕ್ಕೆ ಜೊತೆ ಬೇಕಲ್ಲವೇ?

ಜೊತೆ ಬೇಕೆನ್ನುವುದು ತಪ್ಪಲ್ಲ. ಆದರೆ ಜನಾಂಗ, ಧರ್ಮ ನೋಡಿ ಕೊಳ್ಳುವವರನ್ನು ಒಂದು ಬಡಾವಣೆಯತ್ತ ತಿರುಗಿಸುವುದು, ಇನ್ನೊಂದರಿಂದ ದೂರವಿಡುವುದು ಏಜೆಂಟರಿಗೆ ನಿಷಿದ್ಧ. ಕಪ್ಪು ಕುಟುಂಬಗಳನ್ನು ದಶಕಗಳ ಕಾಲ ಒಳ್ಳೆಯ ಬಡಾವಣೆಗಳಿಂದ ಹೊರಗಿಟ್ಟದ್ದು ಇದೇ ಉಪಾಯದಿಂದ. ಬಾಯಿ ಮುಚ್ಚಿದ ಏಜೆಂಟ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ. ನೀವೇ ಒಂದು ಸಂಜೆ ಅಲ್ಲಿ ನಡೆದಾಡಿ, ಕನ್ನಡ ಕೂಟದಲ್ಲಿ ವಿಚಾರಿಸಿ.

ಮನೆ ಕೊಳ್ಳಲು ಮಾರುವವರಿಗೆ ಕುಟುಂಬದ ಫೋಟೊ ಹಾಕಿ ಭಾವುಕ ಪತ್ರ ಬರೆಯಬಹುದೇ?

ಬೇಡ. "ಕ್ರಿಸ್‌ಮಸ್ ಬೆಳಿಗ್ಗೆ ಮಕ್ಕಳು ಈ ಮೆಟ್ಟಿಲಿಳಿದು ಓಡಿಬರುವುದನ್ನು ಕಲ್ಪಿಸಿಕೊಂಡೆವು" ಎಂಬಂಥ ಸಾಲು ಕೊಳ್ಳುವವರ ಧರ್ಮವನ್ನೂ ಮಕ್ಕಳಿರುವುದನ್ನೂ ತಿಳಿಸಿಬಿಡುತ್ತದೆ ಎಂದು ರಿಯಲ್ಟರ್‌ಗಳ, ಅಂದರೆ ಮನೆ ಮಾರಾಟದ ಏಜೆಂಟರ, ರಾಷ್ಟ್ರೀಯ ಸಂಘವೇ 2020ರಲ್ಲಿ ಎಚ್ಚರಿಸಿತು. ಒರೆಗಾನ್ 2021ರಲ್ಲಿ ಇಂಥ ಪತ್ರಗಳನ್ನು ತಡೆಯುವ ಕಾನೂನು ಮಾಡಿತು; 2022ರಲ್ಲಿ ಫೆಡರಲ್ ನ್ಯಾಯಾಧೀಶರು ಅದಕ್ಕೆ ತಡೆಯಾಜ್ಞೆ ಕೊಟ್ಟರು. ಕಾನೂನು ಬಿಟ್ಟರೂ, ನಿಮ್ಮ ಫೋಟೊ ನೋಡಿ ಮನೆ ಕೊಡುವವರಿದ್ದಾರೆ ಎಂದರೆ ನೋಡಿ ಕೊಡದವರೂ ಇರುತ್ತಾರೆ.

ನಮ್ಮ ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಕೊಡಬೇಕು. "ಸಸ್ಯಾಹಾರಿ ಕನ್ನಡಿಗರಿಗೆ ಮಾತ್ರ" ಎಂದು ಹಾಕಬಹುದೇ? ನಮ್ಮ ಮನೆ, ನಮ್ಮ ಇಷ್ಟ ಅಲ್ಲವೇ?

ತೋರಣಕ್ಕಾಗಿ ಹಕ್ಕಿನ ಮಾತಾಡಿದವರೇ ಈ ಪ್ರಶ್ನೆಯನ್ನೂ ಕೇಳುತ್ತಾರೆ. ಅದು ನನ್ನನ್ನು ನೋಯಿಸುತ್ತದೆ.

ಕಾನೂನಿನ ಮಾತು ಮೊದಲು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕುಟುಂಬಗಳಿರುವ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ ಕೇಂದ್ರದ ಕಾಯ್ದೆ ಒಂದಿಷ್ಟು ವಿನಾಯಿತಿ ಕೊಡುತ್ತದೆ. ಆದರೆ ಜಾಹೀರಾತಿಗೆ ಆ ವಿನಾಯಿತಿ ಇಲ್ಲ. "ಭಾರತೀಯರಿಗೆ ಮಾತ್ರ", "ಹಿಂದೂಗಳಿಗೆ ಮಾತ್ರ" ಎಂದು ಎಲ್ಲಿ ಹಾಕಿದರೂ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೂ, ಅದು ಉಲ್ಲಂಘನೆಯಾಗಬಲ್ಲದು. ಜನಾಂಗದ ವಿಷಯದಲ್ಲಿ 1866ರ ನಾಗರಿಕ ಹಕ್ಕುಗಳ ಕಾಯ್ದೆ ಇನ್ನೂ ಬಿಗಿ. ಅದರಲ್ಲಿ ಸಣ್ಣ ಮನೆಯೆಂಬ ವಿನಾಯಿತಿಯೇ ಇಲ್ಲ. ಖಾಸಗಿ ಮಾಲೀಕರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ರಾಜ್ಯಗಳ ವಿನಾಯಿತಿ ಇನ್ನೂ ಕಿರಿದಾಗಿರಬಹುದು. ಒಂದೇ ಮನೆಯೊಳಗೆ ಅಡುಗೆಮನೆ, ಬಚ್ಚಲು ಹಂಚಿಕೊಳ್ಳುವ ರೂಮ್‌ಮೇಟ್ ಆಯ್ಕೆ ಬೇರೆ. ಅದು ಖಾಸಗಿ ಬದುಕಿನ ವಿಷಯವೆಂದು ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ 2012ರಲ್ಲಿ ಹೇಳಿತು.

ಸಸ್ಯಾಹಾರ ಕಾಯ್ದೆಯ ಪಟ್ಟಿಯಲ್ಲಿಲ್ಲ. "ನಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಡಿ" ಎಂದು ಎಲ್ಲರಿಗೂ ಸಮಾನವಾಗಿ ಹೇಳಿದರೆ ಅದು ಒಂದು ಮನೆಯ ನಿಯಮ. ಆ ನಿಯಮವನ್ನು ಒಪ್ಪಿದ ಮುಸ್ಲಿಂ ಯುವಕನಿಗೂ ಇಲ್ಲವೆಂದರೆ, ಅಥವಾ "ಸಸ್ಯಾಹಾರಿಯೇ?" ಎಂದು ಕೇಳುತ್ತಾ ಜಾತಿ ತಿಳಿಯಲು ಹೊರಟರೆ, ಅದು ಬೇರೆ. ಸಿಯಾಟಲ್ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ವಸತಿಯೂ ಆ ನಿಷೇಧದಲ್ಲಿದೆ. ಅದೇ ವರ್ಷ ಫ್ರೆಸ್ನೊ ಹಿಂಬಾಲಿಸಿತು. ಕ್ಯಾಲಿಫೋರ್ನಿಯಾದ ಶಾಸಕಾಂಗ ಒಪ್ಪಿದ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು; ಈಗಾಗಲೇ ಇರುವ ಕಾನೂನುಗಳಲ್ಲೇ ಈ ರಕ್ಷಣೆ ಇದೆ ಎಂಬುದು ಅವರು ಕೊಟ್ಟ ಕಾರಣ. ಬಾಡಿಗೆಗೆ ಬಂದವರ ಗೋತ್ರ, ಮನೆದೇವರು, "ಊರಲ್ಲಿ ಯಾವ ಕಡೆಯವರು" ಎಂಬ ಪ್ರಶ್ನೆಗಳನ್ನು ಬಿಟ್ಟುಬಿಡಿ. ಆದಾಯ, ಕ್ರೆಡಿಟ್, ಹಿಂದಿನ ಮಾಲೀಕರ ಮಾತು, ಇಷ್ಟು ಕೇಳಿ.

## ಜಗಳ ಬಂದಾಗ

ಪಕ್ಕದವನು ಹಣತೆಗಳನ್ನು ಒದ್ದು, "ನಿಮ್ಮ ದೇಶಕ್ಕೆ ಹೋಗಿ" ಎನ್ನುತ್ತಾನೆ. ಮ್ಯಾನೇಜರ್ "ಅದು ನಿಮ್ಮಿಬ್ಬರ ವಿಷಯ" ಎನ್ನುತ್ತಾರೆ.

ಮನೆಯ ಹಕ್ಕನ್ನು ಅನುಭವಿಸುತ್ತಿರುವವರನ್ನು ಧರ್ಮ, ಮೂಲದೇಶದ ಕಾರಣಕ್ಕೆ ಬೆದರಿಸುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ನೆರೆಯವರೂ ಅದಕ್ಕೆ ಹೊರತಲ್ಲ. ಮಾಲೀಕರ ಹೊಣೆಯ ಬಗ್ಗೆ ಮಾತ್ರ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ. ಕಿರುಕುಳ ಗೊತ್ತಿದ್ದೂ ಬೇಕೆಂದೇ ಸುಮ್ಮನಿದ್ದ ಮಾಲೀಕರು ಹೊಣೆಯಾಗಬಲ್ಲರು ಎಂದು ಇಲಿನಾಯ್, ಇಂಡಿಯಾನ, ವಿಸ್ಕಾನ್ಸಿನ್‌ಗಳಿಗೆ ಸಂಬಂಧಿಸಿದ ಏಳನೇ ಸರ್ಕ್ಯೂಟ್ 2018ರಲ್ಲಿ ಹೇಳಿತು. ನ್ಯೂಯಾರ್ಕ್ ಒಳಗೊಂಡ ಎರಡನೇ ಸರ್ಕ್ಯೂಟ್ 2021ರಲ್ಲಿ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಎಲ್ಲಿದ್ದರೂ ಮಾಡಬೇಕಾದದ್ದು ಒಂದೇ: ಪ್ರತಿ ಘಟನೆಯನ್ನೂ ಇಮೇಲಿನಲ್ಲಿ ಮ್ಯಾನೇಜರಿಗೆ ತಿಳಿಸಿ. ಬೆದರಿಕೆ, ಹಾನಿ ಆಗಿದ್ದರೆ ಪೊಲೀಸರಿಗೆ ಕರೆ ಮಾಡಿ. ಬಾಯಿಮಾತಿನಲ್ಲಿ ಹೇಳಿದ ದೂರು ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ನಾನೇ ಎಚ್‌ಓಎ ಮಂಡಳಿಯಲ್ಲಿದ್ದೇನೆ. ಒಂದು ಮನೆಯವರ ಕ್ರಿಸ್‌ಮಸ್ ಪ್ರದರ್ಶನಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ. ತಡೆಯುವುದು ಹೇಗೆ?

ಐಡಾಹೊದ ಹೇಡನ್‌ನಲ್ಲಿ ನಡೆದದ್ದನ್ನು ತಿಳಿದುಕೊಳ್ಳಿ. ಮನೆ ಕೊಳ್ಳುತ್ತಿದ್ದ ಒಂದು ಕುಟುಂಬ ಸಾವಿರಾರು ದೀಪಗಳ ಕ್ರಿಸ್‌ಮಸ್ ಕಾರ್ಯಕ್ರಮ ಮಾಡುವ ಯೋಜನೆ ಹೇಳಿದಾಗ, ಸಂಘ 2015ರಲ್ಲಿ ಬರೆದ ಪತ್ರದಲ್ಲಿ ಬಡಾವಣೆಯಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ ಎಂಬ ಮಾತನ್ನು ಸೇರಿಸಿತು. 2018ರಲ್ಲಿ ಜ್ಯೂರಿ ಆ ಕುಟುಂಬಕ್ಕೆ 75,000 ಡಾಲರ್ ಕೊಡಿಸಿತು. ಮರುವರ್ಷ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಧರ್ಮದ ಕಾರಣಕ್ಕೆ ಹಸ್ತಕ್ಷೇಪ ನಡೆಯಿತೇ ಎಂಬ ಪ್ರಶ್ನೆಯನ್ನು ಹೊಸ ವಿಚಾರಣೆಗೆ ಕಳಿಸಿತು. ಒಂದು ಸಾಲಿಗೆ ಒಂಬತ್ತು ವರ್ಷ. ವಾಹನ, ಸದ್ದು, ಬೆಳಕು, ಸಮಯ ಇವುಗಳ ಬಗ್ಗೆ ಮಾತ್ರ ಬರೆಯಿರಿ. ದೀಪ ಯಾವ ದೇವರದೆಂದು ಪತ್ರದಲ್ಲಿ ಬರಲೇಬಾರದು. ನಾಳೆ ನಿಮ್ಮ ಗಣೇಶೋತ್ಸವಕ್ಕೂ ಅದೇ ನಿಯಮ ಹಿಡಿಸುತ್ತದೆಯೇ ಎಂದು ಓದಿ ನೋಡಿ, ಆಮೇಲೆ ಮತ ಹಾಕಿ.

ದೂರು ಎಲ್ಲಿ ಕೊಡಬೇಕು? ಕೊಟ್ಟರೆ ಮನೆ ಬಿಡಿಸಿಬಿಡುತ್ತಾರೆಯೇ?

ಹಡ್‌ಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಫೋನಿನಲ್ಲಿ ಕೊಡಬಹುದು, 1-800-669-9777; ಜಾಲತಾಣದಲ್ಲೂ ಕೊಡಬಹುದು. ಅನೇಕ ರಾಜ್ಯಗಳಿಗೆ ತಮ್ಮದೇ ನಾಗರಿಕ ಹಕ್ಕುಗಳ ಇಲಾಖೆಗಳಿವೆ. ಘಟನೆ ನಡೆದ ಒಂದು ವರ್ಷದೊಳಗೆ ಹಡ್‌ಗೆ ದೂರು ಹೋಗಬೇಕು. ನೇರವಾಗಿ ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ. ಹಬ್ಬ ಮುಗಿಯಲಿ, ಊರಿಗೆ ಹೋಗಿ ಬರೋಣ ಎಂದು ಕಾಯುತ್ತಾ ಗಡುವು ಕಳೆದುಕೊಂಡವರಿದ್ದಾರೆ.

ದೂರು ಕೊಟ್ಟದ್ದಕ್ಕೆ ಬಾಡಿಗೆ ಏರಿಸುವುದು, ಲೀಸ್ ನಿಲ್ಲಿಸುವುದು, ಬೆದರಿಸುವುದು ತಾನೇ ಇನ್ನೊಂದು ಉಲ್ಲಂಘನೆ. ನೋಟಿಸುಗಳು, ಫೋಟೊಗಳು, ಇಮೇಲುಗಳು, ಯಾವ ದಿನ ಯಾರು ಏನೆಂದರು ಎಂಬ ಟಿಪ್ಪಣಿ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡು ಕರೆ ಮಾಡಿ. ಇಂಗ್ಲಿಷಿನಲ್ಲಿ ತೊಡಕಿರುವ ಹಿರಿಯರ ಪರವಾಗಿ ಕರೆ ಮಾಡುವವರು 2025ರವರೆಗೆ ಹಡ್‌ನಲ್ಲಿ ಅನುವಾದಕರನ್ನು ಕೇಳಬಹುದಿತ್ತು; ಆ ವರ್ಷ ಹಡ್ ತನ್ನ ವ್ಯವಹಾರವನ್ನು ಇಂಗ್ಲಿಷಿಗೆ ಸೀಮಿತಗೊಳಿಸಿತು.